ಅಮೂರ್ತ ಚಿತ್ರ ಮಾಡಿದರೆ ಕೆಲಸ ಸಿಗುತ್ತಾ?

ಪ್ರಶ್ನೆ: ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯುತ್ತಿದ್ದೇನೆ ಮೇಡಂ. ಬಣ್ಣ, ಅಲೆಗಳ ಅಮೂರ್ತ ಚಿತ್ರಗಳೇ ಇಷ್ಟ. ಮನುಷ್ಯ, ಮನೆ, ಕಾರು ಮಾಡದಿದ್ದರೆ ಕೆಲಸ ಸಿಗಲ್ಲ ಅಂತಾರೆ. ನಿಜವಾ?
– ಓದುಗ, ಹಾವೇರಿ

ಉತ್ತರ: ಅರ್ಧ ನಿಜ. ಸ್ಟುಡಿಯೋದಲ್ಲಿ ಹೊಸಬರ ಶೋರೀಲ್ (ಅವರ ಕೆಲಸದ ಮಾದರಿ ವಿಡಿಯೊ) ನೋಡುವಾಗ ನಾನು ಮೊದಲು ಹುಡುಕುವುದು ಗುರುತು ಸಿಗುವ ವಸ್ತುವನ್ನೇ. ಒಂದು ಹಿತ್ತಾಳೆ ಚೊಂಬು ಸಾಕು. ಅಂಚಿನ ಹೊಳಪು, ತಳದ ಸವೆತ, ನೆಲದ ನೆರಳು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಅಮೂರ್ತದಲ್ಲಿ ಹಾಗೆ ಅಳೆಯೋದು ಕಷ್ಟ.

ಆದರೆ ನಿಮ್ಮ ಇಷ್ಟವನ್ನು ಖಂಡಿತ ಬಿಡಬೇಡಿ. ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ಬರೀ ಏರಿಳಿತದ ಗಣಿತ. ಅದರಿಂದಲೇ ತೆರೆಯ ಮೇಲೆ ಮೋಡ, ಅಮೃತಶಿಲೆ, ಬೆಂಕಿ ಮೂಡಿದವು! 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಎಫೆಕ್ಟ್ಸ್ (ಹೊಗೆ, ಬೆಂಕಿಯಂಥವು), ಮೋಷನ್ ಗ್ರಾಫಿಕ್ಸ್ (ಚಲಿಸುವ ವಿನ್ಯಾಸ) ವಿಭಾಗಗಳು ನಿಮಗೆ ಹೊಂದುತ್ತವೆ. ಆ ಅಲೆಗಳನ್ನೇ ಹೂಡಿನಿ ಎಂಬ ಸಾಫ್ಟ್‌ವೇರ್‌ನಲ್ಲಿ ಹೊಗೆಯಾಗಿಸಿ ನೋಡಿ. ರೀಲ್ ಒಂದು ನಿಮಿಷ ಇರಲಿ, ಜಾಸ್ತಿ ಬೇಡ.