ಹಿಂಬಾಗಿಲ ಕಡೆಯಿಂದ ಬಾ

ತಮ್ಮಾ,

ಬೇಲೂರಲ್ಲಿ ಮದ್ಯವರ್ಜನ ಶಿಬಿರ ಮುಗಿಸಿ 14 ತಿಂಗಳಾಯ್ತು, ವಾರವಾರ ಶಿಬಿರ ಮುಗಿಸಿದವರ ನವಜೀವನ ಸಮಿತಿ ಸಭೆ ತಪ್ಪಿಸಿರಲಿಲ್ಲ, ಈಗ ಅಮೆರಿಕದ ಓಹಾಯೋಗೆ ಬಂದು ಮೂರು ವಾರ ಅಂತ ಬರೆದಿದ್ದೀಯ. 'ಇಲ್ಲಿ ಅಂಥದ್ದು ಇದೆಯಾ ಅಣ್ಣ? ಮೊದಲು ಮನೆ, ಕಾರು ಮಾಡ್ಕೊಂಡು ಆಮೇಲೆ ಹುಡುಕಿದ್ರೆ ಆಗಲ್ವಾ? ಆಫೀಸಿಗೆ ಗೊತ್ತಾಗುತ್ತಾ?' ಅಂತ ಕೇಳಿದ್ದೀಯ.

ಇದೆ. ಆದ್ರೆ ಆಮೇಲೆ ಅನ್ನೋದು ಬೇಡ. ನಾನು ಸಕಲೇಶಪುರದವನು, 2006ರಲ್ಲಿ ಬಂದೆ. ಸೆಟ್ಲ್ ಆದಮೇಲೆ ಬಿಡ್ತೀನಿ ಅಂತ ಐದು ವರ್ಷ ಕುಡಿದೆ. ಊರಲ್ಲಿ ಮಧ್ಯಾಹ್ನ ಬಾರ್ ಮೆಟ್ಟಿಲು ಹತ್ತಿದ್ರೆ ಸಂಜೆಯೊಳಗೆ ಅವ್ವನ ಕಿವಿಗೆ ಬೀಳುತ್ತೆ. ಇಲ್ಲಿ ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲು. ಬಾಗಿಲು ಹಾಕ್ಕೊಂಡ್ರೆ ಕೇಳೋ ನರಪಿಳ್ಳೆ ಇಲ್ಲ.

ಇಲ್ಲಿ ಹುಡುಕಬೇಕಾದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ 'ಎಎ'. ಕುಡಿತ ಬಿಡಬೇಕು ಅನ್ನೋರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗೋ ಗುಂಪು. ಫೋನಿಗೆ 'ಮೀಟಿಂಗ್ ಗೈಡ್' ಅನ್ನೋ ಅವರ ಆ್ಯಪ್ ಹಾಕ್ಕೋ, ದುಡ್ಡಿಲ್ಲ. ಹತ್ತಿರದಲ್ಲಿ ಯಾವ ಹೊತ್ತಿಗೆ ಎಲ್ಲಿದೆ ಅಂತ ತೋರಿಸುತ್ತೆ. 'ಓಪನ್' ಅಂತಿದ್ರೆ ಯಾರು ಬೇಕಾದ್ರೂ ಹೋಗಬಹುದು, 'ಕ್ಲೋಸ್ಡ್' ಅಂದ್ರೆ ಕುಡಿತದ ತೊಂದರೆ ಇರೋರಿಗೆ ಮಾತ್ರ. ನಿನಗೆ ಎರಡೂ ಸಲ್ಲುತ್ತೆ. ಮೊದಲ ಮೀಟಿಂಗ್ ಹಿಡಿಸಲಿಲ್ಲ ಅಂತ ಬಿಟ್ಟುಬಿಡಬೇಡ, ಇನ್ನೂ ಮೂರ್ನಾಲ್ಕು ಕಡೆ ಕೂತು ನೋಡು. ಒಂದೊಂದು ಗುಂಪಿನ ಗಾಳಿಯೇ ಬೇರೆ.

ನಾನು ಮೊದಲ ಸಲ ಹೋದಾಗ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕ್ಕೊಂಡು, ಮೀಟಿಂಗ್ ನಡೆಯೋ ಚರ್ಚಿನ ಮುಂಬಾಗಿಲು ತಟ್ಟಿದೆ. ಬೀಗ. ಸದ್ಯ, ತಪ್ಪಿಸ್ಕೊಂಡೆ ಅಂತ ಖುಷಿಯಾಗಿ ಕಾರಿನ ಕಡೆ ತಿರುಗಿದ್ರೆ, ಕಟ್ಟಡದ ಹಿಂದೆ ನಾಲ್ಕು ಜನ ಹಿಮದಲ್ಲಿ ನಿಂತು ಸಿಗರೇಟ್ ಸೇದ್ತಿದ್ರು. ಅದರಲ್ಲೊಬ್ಬ ಏನೂ ಕೇಳದೆ ಕೆಳಗಿನ ಮೆಟ್ಟಿಲ ಕಡೆ ಗದ್ದ ತಿರುಗಿಸಿದ. ಅಂದಿನಿಂದ ಹೊಸಬರಿಗೆಲ್ಲ ಹೇಳ್ತೀನಿ: ಬೋರ್ಡು ಹುಡುಕಬೇಡಿ, ಹಿಂಬಾಗಿಲಲ್ಲಿ ಹೊಗೆ ಹುಡುಕಿ.

ಒಳಗೆ ಮಡಿಚೋ ಕುರ್ಚಿಗಳು, ಹೆಚ್ಚುಕಮ್ಮಿ ಒಂದು ಗಂಟೆ. ಹೆಸರು ಮಾತ್ರ, ಮನೆತನ ಇಲ್ಲ. ಹಾಜರಿ ಪುಸ್ತಕವೂ ಇಲ್ಲ, ಹಾಗಾಗಿ ನಿನ್ನ ಆಫೀಸಿಗೆ ಹೇಳೋರು ಯಾರು? ಕುಡಿದ ಕೇಸಲ್ಲಿ ಕೋರ್ಟ್ ಕಳಿಸಿದವರು ಬಂದಿದ್ದಕ್ಕೆ ಸಾಕ್ಷಿಯಾಗಿ ಚೀಟಿಗೆ ಸಹಿ ಹಾಕಿಸ್ಕೊಳ್ತಾರೆ, ಅದು ಅವರ ಪಾಡು. ಇಂಗ್ಲಿಷಲ್ಲಿ ಮನಸ್ಸು ಬಿಚ್ಚೋಕೆ ಆಗದಿದ್ರೆ 'ಇವತ್ತು ಬರೀ ಕೇಳಿಸ್ಕೊಳ್ತೀನಿ' ಅಂದ್ರೆ ಸಾಕು. ಮಾತಾಡಿದ್ರೆ ನಮ್ಮೂರ ಪಂಚಾಯ್ತಿ ಥರ ನಡುವೆ ಬಾಯಿ ಹಾಕಲ್ಲ. ನಿನ್ನ 14 ತಿಂಗಳಿಗೆ ಸರ್ಟಿಫಿಕೇಟ್ ಕೇಳಲ್ಲ, ನೀನು ಹೇಳಿದ ದಿನವೇ ಲೆಕ್ಕ. ಕೊನೆಗೆ ಕೈ ಹಿಡಿದು ಪ್ರಾರ್ಥನೆ ಇರುತ್ತೆ, ಕೆಲವು ಕಡೆ ಕ್ರೈಸ್ತರದ್ದೇ. ನಾನು ಕಣ್ಣು ಮುಚ್ಚಿ ಹಾಸನಾಂಬೆಯನ್ನ ನೆನೆಸ್ಕೊಂಡೆ, ಯಾರೂ ಬೇಡ ಅನ್ನಲಿಲ್ಲ. ದೇವರ ಮಾತೇ ಬೇಡ ಅನ್ನೋರಿಗೆ ಸ್ಮಾರ್ಟ್ ರಿಕವರಿ ಅಂತ ಬೇರೆ ಗುಂಪು ಇದೆ. ಎಎಯಲ್ಲಿ ಫೀಸಿಲ್ಲ, ಇಷ್ಟ ಇದ್ದೋರು ದುಡ್ಡು ಹಾಕೋಕೆ ಬುಟ್ಟಿ ಬರುತ್ತೆ. ತೋಟದವರ ಗತ್ತು ಬಿಡದೆ 20 ಡಾಲರ್ ಹಾಕಿದೆ. ಹೊಸಬ ಅಂತ ವಾಪಸ್ ಕೊಟ್ರು!

ಅಂದಹಾಗೆ ನೀನು ಬಂದಿರೋದು ಇದರ ತವರಿಗೇ. 1935ರಲ್ಲಿ ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನವನು ವ್ಯವಹಾರಕ್ಕೆ ಅಂತ ಇದೇ ಓಹಾಯೋದ ನಮ್ಮ ಆಕ್ರನ್‌ಗೆ ಬಂದ. ವ್ಯವಹಾರ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳು, ಗುರುತಿಲ್ಲದ ಊರು, ಹೋಟೆಲ್ ಲಾಬಿಯ ಪಕ್ಕದಲ್ಲೇ ಬಾರ್. ಅವನು ಫೋನಿನ ಹತ್ತಿರ ಹೋಗಿ ಚರ್ಚಿನವರಿಗೆ ಕರೆ ಮಾಡಿ ತನ್ನಂಥ ಇನ್ನೊಬ್ಬ ಕುಡುಕನನ್ನ ಹುಡುಕಿದ. ಹಾಗೆ ಸಿಕ್ಕವನು ಸರ್ಜನ್ ಬಾಬ್ ಸ್ಮಿತ್. ಹದಿನೈದು ನಿಮಿಷ ಸಾಕು ಅಂತ ಬಂದ ಡಾಕ್ಟರು ರಾತ್ರಿ ಹನ್ನೊಂದು ದಾಟೋವರೆಗೂ ಏಳಲಿಲ್ಲ. ಆ ಡಾಕ್ಟರು ಕುಡಿತ ಬಿಟ್ಟ ಜೂನ್ 10ನ್ನೇ ಎಎ ಹುಟ್ಟಿದ ದಿನ ಅಂತಾರೆ. ಬಿಲ್ ಕೂಡ ಆ ಊರಿಗೆ ಹೊಸಬನೇ, ಸೆಟ್ಲ್ ಆಗೋವರೆಗೆ ಕಾಯಲಿಲ್ಲ.

ಆಫೀಸ್ ಪಾರ್ಟಿಗೆ ಹೆದರಬೇಡ, ಒಮ್ಮೆ ಬೇಡ ಅಂದ್ರೆ ಇನ್ನೊಮ್ಮೆ ಕೇಳೋದು ಕಮ್ಮಿ. ಹೆದರಬೇಕಾದ್ದು ನಮ್ಮವರ ಮನೆಗಳಿಗೆ. ಶನಿವಾರ ರಾತ್ರಿ, ಬೇಸ್‌ಮೆಂಟಲ್ಲಿ ಬಾರ್, 'ಊರಿನ ನೆನಪಿಗೆ ಒಂದೇ ಪೆಗ್ಗು ಮಾರಾಯ!' ಕುಡಿದು ಕಾರು ಓಡಿಸಿ ಸಿಕ್ಕಿಬಿದ್ರೆ ದಂಡಕ್ಕೆ ನಿಲ್ಲಲ್ಲ, ವೀಸಾ ರದ್ದಾಗೋದೂ ಉಂಟು. ದೇವರು ಹಾಗೆ ಮಾಡದಿರಲಿ, ಜಾರಿ ದಿನಗಟ್ಟಲೆ ಕುಡಿದುಬಿಟ್ರೆ ಒಬ್ಬನೇ ರೂಮಲ್ಲಿ ಕೂತು ದಿಢೀರ್ ನಿಲ್ಲಿಸಬೇಡ. ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್.

ಬೇಲೂರಿನ ಸಮಿತಿಯವರಿಗೆ ಫೋನ್ ಮಾಡೋದನ್ನ ನಿಲ್ಲಿಸಬೇಡ. ಬೇಸಿಗೆಯಲ್ಲಿ ನಿನಗೆ ರಾತ್ರಿ ಒಂಬತ್ತೂವರೆ, ಅಂದ್ರೆ ಬಾಯಿ ಕೇಳೋ ಹೊತ್ತು, ಅವರಿಗೆ ಬೆಳಗ್ಗೆ ಏಳು. ಎದ್ದಿರ್ತಾರೆ.

ನೀನು ಬರೋಕೆ ಮೊದಲು ಕಾಫಿ ವಿಚಾರ ಹೇಳಿಬಿಡ್ತೀನಿ. ನಲ್ಲಿ ಇರೋ ದೊಡ್ಡ ಪಾತ್ರೆಯಲ್ಲಿ ನಲವತ್ತು ಲೋಟ ಕಾಯಿಸ್ತೀವಿ, ಕಷಾಯಕ್ಕಿಂತ ಕಡೆ. ಕಾಫಿ ತೋಟದವನ ಮಗ ಅಂತ ಆ ಕೆಲಸ ನನಗೇ ಕಟ್ಟಿದ್ದಾರೆ. ಒಮ್ಮೆ ಊರಿಂದ ತಂದ ಚಿಕೋರಿ ಪುಡಿ ಹಾಕಿದೆ. ಒಬ್ಬ ಮುದುಕ ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, 'ಇದನ್ನ ಬಿಡೋಕೆ ಯಾವ ಮೀಟಿಂಗಿಗೆ ಹೋಗಬೇಕು?' ಅಂದ.

ನಮ್ಮದು ಮಂಗಳವಾರ ಸಂಜೆ ಏಳಕ್ಕೆ. ಪಾತ್ರೆ ಇಡೋಕೆ ಆರೂವರೆಗೇ ಇರ್ತೀನಿ. ಎಲ್ಲಿದ್ದೀಯ ಅಂತ ಮೆಸೇಜ್ ಹಾಕು, ಕಾರಲ್ಲಿ ಬಂದು ಕರ್ಕೊಂಡು ಹೋಗ್ತೀನಿ.