ಒಂಬತ್ತು ವರ್ಷದ ಕಾರಿಗೆ ಹೊಸ ಬೆಲ್ಟ್

ಓದುಗರ ಪತ್ರ: ನನ್ನ ಸಣ್ಣ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ ತುಂಬಿದೆ, 96,000 ಕಿ.ಮೀ. ಓಡಿದೆ, ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿಲ್ಲ. ಈಗ ಎಂಜಿನ್ನಿನ ಭಾಗಗಳನ್ನು ಹೊಂದಿಕೆಯಲ್ಲಿ ತಿರುಗಿಸುವ ಹಲ್ಲಿನ ಪಟ್ಟಿಯನ್ನು, ಅಂದರೆ ಟೈಮಿಂಗ್ ಬೆಲ್ಟನ್ನು, ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಳೆಯ ಗಾಡಿಗೆ ದುಡ್ಡು ಸುರಿಯುವ ಬದಲು ದೊಡ್ಡ ಪರದೆಯಿರುವ, ಎತ್ತರದ ಹೊಸ ಕಾರು ಕೊಳ್ಳೋಣವೆಂದು ಮನೆಯವರ ಒತ್ತಾಯ. ಹಳೆಯದನ್ನೇ ಇಟ್ಟುಕೊಂಡರೆ ತಪ್ಪೇ?

ಸಂಪಾದಕರ ಉತ್ತರ: ಮಾನ್ಯರೇ, ತಪ್ಪಲ್ಲ. ಒಂಬತ್ತು ವರ್ಷ ನಿಮ್ಮನ್ನು ಒಂದು ದಿನವೂ ನಡುದಾರಿಯಲ್ಲಿ ನಿಲ್ಲಿಸದ ವಾಹನವನ್ನು ಇಟ್ಟುಕೊಳ್ಳಲು ಅಪ್ಪಣೆ ಕೇಳುವವರಂತೆ ಬರೆದಿದ್ದೀರಲ್ಲ, ಆ ಸಂಕೋಚವನ್ನು ಕಂಡು ನನಗೆ ಬೇಸರವಾಯಿತು. ಕಾರಿನ ಮೇಲಿನ ಪ್ರೀತಿಯೆಂದರೆ ಹೊಸ ಕಾರಿನ ಮೇಲಿನ ಆಸೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ನಾನು ಹಾಗೆ ನಂಬುವುದಿಲ್ಲ.

ಮನೆಯವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಆಗಲಿ, ಜಾರುವ ಗಾಡಿಯನ್ನು ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಇಲ್ಲದಿದ್ದರೆ, ಅವುಗಳಿಗಾಗಿ ಕಾರು ಬದಲಿಸುವುದು ಒಪ್ಪತಕ್ಕ ಮಾತು. ಆದರೆ ಪತ್ರದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ. ಇರುವುದು ಪರದೆ ಮತ್ತು ಎತ್ತರ.

ಎತ್ತರದ ವಿಷಯವನ್ನೇ ಮೊದಲು ನೋಡೋಣ. ಎತ್ತರದ ಕಾರಿನಲ್ಲಿ ಕುಳಿತವರಿಗೆ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ, ನಿಜ. ಬಾನೆಟ್ಟಿನ ಮುಂದೆಯೇ ನಿಂತ ಪುಟ್ಟ ಮಗು ಮಾತ್ರ ಕಾಣದೆ ಹೋಗಬಹುದು. ಗುರುತ್ವಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಎತ್ತರದ ಕಾರು ಸಾಮಾನ್ಯವಾಗಿ ಭಾರವೂ ಹೌದು. ತೂಕ ಹೆಚ್ಚಿದಷ್ಟೂ ಪ್ರತಿ ಸಲ ನಿಲ್ಲಿಸುವಾಗ ಬ್ರೇಕು ಹೆಚ್ಚು ಶಾಖವನ್ನು ನುಂಗಬೇಕಾಗುತ್ತದೆ, ಪ್ರತಿ ಸಲ ಹೊರಡುವಾಗ ಎಂಜಿನ್ ಹೆಚ್ಚು ಇಂಧನ ಸುಡಬೇಕಾಗುತ್ತದೆ. ಇಷ್ಟೆಲ್ಲ ಆದರೂ ಆ ಭಾರವನ್ನು ನೆಲಕ್ಕೆ ಹಿಡಿದಿಡುವುದು ಒಂದೊಂದು ಟೈರಿನಡಿ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ.

ಸಣ್ಣ ಕಾರಿನೊಳಗೆ ಜಾಗ ಸಾಲದು ಎನ್ನುವವರಿಗೆ ನಾನು 1959ರ ಮಿನಿ ಎಂಬ ಪುಟ್ಟ ಬ್ರಿಟಿಷ್ ಕಾರನ್ನು ನೆನಪಿಸುತ್ತೇನೆ. ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಧನಕ್ಕೆ ತತ್ವಾರವಾದಾಗ ಅದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ಸೇರಿಸಿ, ಸುಮಾರು 3 ಮೀಟರ್ ಉದ್ದದೊಳಗೆ ನಾಲ್ವರು ದೊಡ್ಡವರನ್ನು ಕೂರಿಸಿದರು. ಅದಕ್ಕೂ ಮೊದಲು, 1948ರಲ್ಲಿ, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರು ಬರೀ 375 ಸಿಸಿ ಎಂಜಿನ್ನಿನೊಂದಿಗೆ ಜನರ ಮುಂದೆ ಬಂದಿತ್ತು. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಎಂಬುದು ಅದರ ವಿನ್ಯಾಸಕಾರರಿಗೆ ಹಾಕಿದ್ದ ಷರತ್ತು. ಕಾರು ಯಾರಿಗಾಗಿ, ಯಾವ ದಾರಿಗಾಗಿ ಎಂಬುದನ್ನು ಮೊದಲು ಕೇಳಿಕೊಂಡು ಕಟ್ಟಿದ ಕಾರುಗಳಿವು. ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹೊರಡುವ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರನ್ನು ಆರಿಸುವವರು, ಉಳಿದೆಲ್ಲ ದಿನ ಖಾಲಿ ಸೀಟುಗಳನ್ನು ಹೊತ್ತು ತಿರುಗುತ್ತಾರೆ.

ಪರದೆಯ ಮಾತಿಗೆ ಬಂದರೆ ನನಗೊಂದು ಹಳೆಯ ನೆನಪಿದೆ. ಹಲವು ವರ್ಷಗಳ ಹಿಂದೆ ನಾನೊಂದು ಬಳಸಿದ ಕಾರನ್ನು ಕೊಂಡೆ. ಹೊಸ ಸೀಟ್ ಕವರ್, ಮಿರುಗುವ ಅಲಾಯ್ ಚಕ್ರ, ಡ್ಯಾಶ್‌ಬೋರ್ಡಿನಲ್ಲಿ ಹೊರಗಿನಿಂದ ತಂದು ಕೂರಿಸಿದ ದೊಡ್ಡ ಪರದೆ. ಎರಡನೆಯ ವಾರ ಉದ್ದನೆಯ ಬೆಟ್ಟದಿಂದಿಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ, ಕೊನೆಗೆ ಕಾಲಿನಡಿ ನೆಲಕ್ಕೇ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆರೆದರೆ, ತಿಳಿ ಹಳದಿಯಿರಬೇಕಾದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸತಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕಾದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ನೀರು ಸೇರಿದ ಮೇಲೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲಿನ ಬಲ ಬ್ರೇಕಿಗೆ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಅಷ್ಟು ಸಣ್ಣ ಕೆಲಸಕ್ಕೆ ಕೈಹಾಕದ ಹಿಂದಿನ ಮಾಲೀಕರು ಪರದೆಗೆ ಧಾರಾಳವಾಗಿ ಖರ್ಚು ಮಾಡಿದ್ದರು. ಅಂದಿನಿಂದ ಯಾರ ಕಾರನ್ನು ನೋಡಿದರೂ ನಾನು ಮೊದಲು ತೆರೆಯುವುದು ಆ ಮುಚ್ಚಳವನ್ನೇ.

ಕಂಪನಿಗಳ ಧೋರಣೆಯೂ ಇದಕ್ಕಿಂತ ಬೇರೆಯಲ್ಲ. ಕಣ್ಣು ರಸ್ತೆಯ ಮೇಲಿರುವಾಗಲೇ ಬೆರಳಿಗೆ ಸಿಗುತ್ತಿದ್ದ ಎ.ಸಿ. ಗುಂಡಿಯನ್ನು ತೆಗೆದು ಪರದೆಯ ಮೂರನೆಯ ಪುಟದಲ್ಲಿ ಅಡಗಿಸಿದರು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ಗಳಂಥ ಮುಖ್ಯ ಕೆಲಸಗಳಿಗೆ ನಿಜವಾದ ಗುಂಡಿಗಳಿಗೆ ಮನ್ನಣೆ ಕೊಡಲು ಮುಂದಾದದ್ದು ನನಗೆ ಬಹಳ ಸಂತೋಷ ತಂದ ಸುದ್ದಿ. ಇನ್ನು ಸ್ಟೆಪ್ನಿ ಹೋಗಿ ಪಂಕ್ಚರ್ ಕಿಟ್ ಬಂತು. ಟೈರಿನ ಪಕ್ಕ ಹರಿದರೆ ಆ ಕಿಟ್ಟಿನಿಂದ ಏನೂ ಆಗದು. ಕೆಲವು ಕಾರುಗಳಲ್ಲಿ ಎಂಜಿನ್ ಆಯಿಲ್ ನೋಡುವ ಡಿಪ್‌ಸ್ಟಿಕ್ಕೂ ಮಾಯವಾಗಿದೆ. ಬೆಳಗಿನ ತಂಪಿನಲ್ಲಿ ಆ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಎರಡು ಗುರುತುಗಳ ನಡುವೆ ಆಯಿಲ್ ಎಲ್ಲಿ ನಿಂತಿದೆಯೆಂದು ನೋಡುವ ಅರೆ ನಿಮಿಷದಲ್ಲಿ ಮಾಲೀಕನಿಗೂ ಎಂಜಿನ್ನಿಗೂ ಒಂದು ಪರಿಚಯ ಬೆಳೆಯುತ್ತಿತ್ತು. ಅದನ್ನೇ ಕಿತ್ತುಕೊಂಡರು ಎಂಬುದು ನನ್ನ ದೊಡ್ಡ ದೂರು.

ಅಮೆರಿಕದ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರನ್ನು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ದಾಟಿಸಿದರು. ಕೈಪಿಡಿ ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ಮಾಡಿಸುವುದರಲ್ಲಿ ಅವರು ಕಟ್ಟುನಿಟ್ಟು. ಅದರೆದುರು ನಿಮ್ಮ 96,000 ಎಳೆಯ ವಯಸ್ಸು.

ನಿಮ್ಮನ್ನೂ ಸ್ವಲ್ಪ ಗದರಬೇಕು. ಬೆಲ್ಟಿನ ಬಗ್ಗೆ ಇಷ್ಟು ಬರೆದವರು ಟೈರಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಕಾರಿನೊಂದಿಗೆ ಬಂದ ಟೈರುಗಳೇ ಇನ್ನೂ ಇದ್ದರೆ, ಹಲ್ಲು ಎಷ್ಟೇ ಉಳಿದಿರಲಿ, ಬದಲಿಸಿ. ರಬ್ಬರಿಗೆ ಓಟದಂತೆಯೇ ವಯಸ್ಸೂ ಲೆಕ್ಕ.

ಬೆಲ್ಟಿಗೂ ಅದೇ ಲೆಕ್ಕ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲ. ಆದ್ದರಿಂದ ಮೆಕ್ಯಾನಿಕ್ ಹೇಳಿದ್ದನ್ನು ಮುಂದೂಡಬೇಡಿ. ಜೊತೆಗೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನೂ, ನಿಮ್ಮ ಎಂಜಿನ್ನಿನಲ್ಲಿ ವಾಟರ್ ಪಂಪು ಅದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಹಾಕಿಸಿ, ಏಕೆಂದರೆ ಬಿಚ್ಚುವ ಕೂಲಿ ಒಂದೇ. ಹಳೆಯ ಬೆಲ್ಟನ್ನು ಕೇಳಿ ಪಡೆದು, ಹಿಮ್ಮುಖವಾಗಿ ಬಗ್ಗಿಸಿ ನೋಡಿ. ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಮನೆಯವರಿಗೂ ತೋರಿಸಿ. ಬದಲಿಸಿದ ದಿನಾಂಕವನ್ನೂ ಅಂದಿನ ಕಿಲೋಮೀಟರನ್ನೂ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ.