‘ಆಗಲ್ಲ’ ಅನ್ನುವ ಹಕ್ಕು ನಿಮಗಿದೆಯಾ?

ಈ ಸಲ ಬಂದ ಪತ್ರಗಳಲ್ಲಿ ಪ್ರಾಡಕ್ಟ್ ಓನರ್‌ಗಳ ಗೋಳೇ ಜಾಸ್ತಿ. ಸಾಫ್ಟ್‌ವೇರ್ ಟೀಮು ಯಾವ ಕೆಲಸ ಮೊದಲು ಮಾಡಬೇಕು ಅಂತ ತೀರ್ಮಾನಿಸಬೇಕಾದವರು ಇವರು. ನಾನೂ ಅದೇ ಕುರ್ಚಿಯಲ್ಲಿ ಕೂತು ಎದ್ದು ಬಂದವಳು. ಹಾಗಾಗಿ ಉತ್ತರ ಸ್ವಲ್ಪ ಖಾರ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಐದು ವರ್ಷ ಟೆಸ್ಟಿಂಗ್ ಮಾಡಿದ ಮೇಲೆ ನನ್ನನ್ನು ಪ್ರಾಡಕ್ಟ್ ಓನರ್ ಮಾಡಿದರು. ಆದರೆ ಏನೇ ಆಗಬೇಕಾದರೂ ಕ್ಯಾಲಿಫೋರ್ನಿಯಾದಲ್ಲಿರುವ ಪ್ರಾಡಕ್ಟ್ ಮ್ಯಾನೇಜರ್ ಹೂಂ ಅನ್ನಬೇಕು. ಡೆವಲಪರ್‌ಗಳು ಏನು ಕೇಳಿದರೂ ‘ಕೇಳಿ ಹೇಳ್ತೀನಿ’ ಅನ್ನುವುದೇ ನನ್ನ ಕೆಲಸ. ಟೀಮಿನಲ್ಲಿ ನನಗೆ ಪೋಸ್ಟ್‌ಮ್ಯಾನ್ ಅಂತ ಹೆಸರು ಬಿದ್ದಿದೆ. ಏನು ಮಾಡಲಿ?
ಹೆಸರು ಬೇಡ, ವೈಟ್‌ಫೀಲ್ಡ್

ಉತ್ತರ: ಬೆಂಗಳೂರಿನಲ್ಲಿ ನಿಮ್ಮಂಥವರು ಬೇಕಾದಷ್ಟು ಜನ ಇದ್ದಾರೆ. ‘ಪ್ರಾಕ್ಸಿ ಪ್ರಾಡಕ್ಟ್ ಓನರ್’ ಅಂತ ಇದಕ್ಕೆ ಹೆಸರೂ ಇದೆ. ಟೀಮಾಗಿ ಕೆಲಸ ಮಾಡುವ ‘ಸ್ಕ್ರಮ್’ ಅನ್ನುವ ಪದ್ಧತಿಗೆ ಕೆನ್ ಶ್ವಾಬರ್, ಜೆಫ್ ಸದರ್ಲೆಂಡ್ ಬರೆದ ಕೈಪಿಡಿ ಸ್ಕ್ರಮ್ ಗೈಡ್ ತೆಗೆದು ನೋಡಿ. ಪ್ರಾಡಕ್ಟ್ ಓನರ್ ಒಬ್ಬರೇ ಇರಬೇಕು, ಸಮಿತಿ ಅಲ್ಲ. ಅವರ ತೀರ್ಮಾನವನ್ನು ಇಡೀ ಸಂಸ್ಥೆ ಗೌರವಿಸಬೇಕು ಅಂತ ಅದರಲ್ಲಿದೆ. ಎಷ್ಟೋ ಕಂಪನಿಗಳು ಹುದ್ದೆಯನ್ನು ಮಾತ್ರ ಇಲ್ಲಿಗೆ ಕಳಿಸಿದವು. ತೀರ್ಮಾನ ಅಲ್ಲೇ ಉಳಿಯಿತು.

ಹಾಗಂತ ಗೈಡ್ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ, ಯಾರೂ ಕೇಳುವುದಿಲ್ಲ. ಗಡಿಯಾರ ತೋರಿಸಿ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ನೀವು ಬೆಳಿಗ್ಗೆ 11ಕ್ಕೆ ಕೇಳಿದ ಪ್ರಶ್ನೆ ಬೇಸಿಗೆಯಲ್ಲಿ ಅವರಿಗೆ ರಾತ್ರಿ ಹತ್ತೂವರೆಗೆ ಮುಟ್ಟುತ್ತದೆ. ಅವರು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಬಂದು ಉತ್ತರಿಸಿದರೆ ನಿಮಗೆ ರಾತ್ರಿ ಒಂಬತ್ತೂವರೆ. ಒಂದು ಪ್ರಶ್ನೆಗೆ ಒಂದು ದಿನ ಹೋಯಿತು. ಎರಡು ವಾರದ ಸ್ಪ್ರಿಂಟ್‌ನಲ್ಲಿ (ಒಂದು ಸುತ್ತಿನ ಕೆಲಸಕ್ಕೆ ಇಟ್ಟ ಅವಧಿ) ಇರುವುದೇ ಹತ್ತು ಕೆಲಸದ ದಿನ. ಈ ಲೆಕ್ಕ ಬರೆದು ಕಳಿಸಿ. ದೂರಿನಂತೆ ಬೇಡ, ಖರ್ಚಿನ ಪಟ್ಟಿಯಂತೆ ಇರಲಿ.

ಜೊತೆಗೇ ಇನ್ನೊಂದು ಕಾಗದ ಕಳಿಸಿ: ಯಾವುದನ್ನು ನಾನೇ ತೀರ್ಮಾನಿಸುತ್ತೇನೆ, ಯಾವುದನ್ನು ನಿಮ್ಮನ್ನು ಕೇಳುತ್ತೇನೆ. ಪರದೆಯ ಮೇಲಿನ ಮಾತು, ಎರರ್ ಮೆಸೇಜ್, ಸಣ್ಣ ಬಗ್‌ಗಳ ಸರದಿ ನಿಮ್ಮದು. ಬೆಲೆ, ಗ್ರಾಹಕರ ಡೇಟಾ, ಬಿಡುಗಡೆಯ ದಿನಾಂಕ ಅವರದು. ನಡುವೆ ಉಳಿದದ್ದಕ್ಕೆ ‘ನಾಳೆ ಬೆಳಿಗ್ಗೆಯೊಳಗೆ ಬೇಡ ಅನ್ನದಿದ್ದರೆ ಹೀಗೇ ಮಾಡುತ್ತೇವೆ’ ಅಂತ ಒಂದು ಸಾಲಿನ ಮೇಲ್ ಹಾಕಿ. ಹೆಚ್ಚಿನ ಮ್ಯಾನೇಜರ್‌ಗಳಿಗೆ ಅಧಿಕಾರ ಬಿಡುವುದು ಕಷ್ಟ, ಸುಮ್ಮನಿರುವುದು ಸುಲಭ. ಅದನ್ನೇ ಬಳಸಿಕೊಳ್ಳಿ.

ದೊಡ್ಡ ವಿಷಯ ಬಂದಾಗ ವಾದ ಮಾಡಬೇಡಿ, ಬಳಸುವವರನ್ನು ತೋರಿಸಿ. ನಾವು ಸಾಲದ ಕಂತು ವಸೂಲಿ ಮಾಡುವವರಿಗೆ ಮೊಬೈಲ್ ಆ್ಯಪ್ ಮಾಡುತ್ತಿದ್ದೆವು. ಬಟನ್‌ಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿದ್ದರು. ಕನ್ನಡ ಹಾಕಿದಾಗ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತಿತ್ತು. ‘ಕಂತು ಕಟ್ಟಿ’ ಅನ್ನುವುದು ‘ಕಂತು ಕಟಿ’ ಆಗಿತ್ತು. ನಮ್ಮ ಮೇಲಿನವರಿಗೆ ಕನ್ನಡ ಬಾರದು. ಅವರ ಕಣ್ಣಿಗೆ ಸ್ಕ್ರೀನ್‌ಶಾಟ್ ಚೆನ್ನಾಗಿಯೇ ಇತ್ತು. ‘ಲೋ ಪ್ರಯಾರಿಟಿ, ರಿಲೀಸ್ ಆದ ಮೇಲೆ ನೋಡೋಣ’ ಅಂದರು. ನಾನು ಚಳ್ಳಕೆರೆಗೆ ಹೋಗಿ, ಫೀಲ್ಡಿನ ಹುಡುಗನೊಬ್ಬ ಆ ಪರದೆ ಓದಲು ತಡಕಾಡುವುದನ್ನು ಅವನ ಒಪ್ಪಿಗೆ ಕೇಳಿ ವಿಡಿಯೋ ಮಾಡಿದೆ. ಒಂದು ನಿಮಿಷದ್ದೂ ಅಲ್ಲ. ಆ ವಿಡಿಯೋ ನೋಡಿದ ಮೇಲೆ ಅದೇ ಬಗ್ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ ಬಂತು. ಅದಕ್ಕೂ ಮುಂಚೆ ನಾನು ಬರೆದ ಉದ್ದುದ್ದ ಮೇಲ್‌ಗಳನ್ನು ಯಾರೂ ಓದಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಪ್ರಶ್ನೆ: ಬಿ.ಇ. ಮುಗಿಯುತ್ತಿದೆ. ಪ್ರಾಡಕ್ಟ್ ಓನರ್ ಸರ್ಟಿಫಿಕೇಟ್ ಮಾಡಿದರೆ ನೇರವಾಗಿ ಆ ಕೆಲಸ ಸಿಗುತ್ತದಾ? ಸಿಎಸ್‌ಪಿಒ (ಸರ್ಟಿಫೈಡ್ ಸ್ಕ್ರಮ್ ಪ್ರಾಡಕ್ಟ್ ಓನರ್) ಒಳ್ಳೆಯದಾ, ಪಿಎಸ್‌ಪಿಒ (ಪ್ರೊಫೆಷನಲ್ ಸ್ಕ್ರಮ್ ಪ್ರಾಡಕ್ಟ್ ಓನರ್) ಒಳ್ಳೆಯದಾ?
ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಿಗುವುದು ಕಷ್ಟ. ಸಿಎಸ್‌ಪಿಒಗೆ ತರಗತಿಯಲ್ಲಿ ಕೂರಬೇಕು, ಪರೀಕ್ಷೆ ಇಲ್ಲ, ಎರಡು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ನವೀಕರಿಸಬೇಕು. ಪಿಎಸ್‌ಪಿಒ ಮೊದಲ ಹಂತಕ್ಕೆ ತರಗತಿ ಕಡ್ಡಾಯವಲ್ಲ. ಒಂದು ಗಂಟೆಯಲ್ಲಿ 80 ಪ್ರಶ್ನೆ, ಪಾಸಾಗಲು ಶೇ. 85 ಬೇಕು. ನವೀಕರಣದ ತಾಪತ್ರಯ ಇಲ್ಲ. ಆದರೆ ಸ್ಕ್ರಮ್ ಗೈಡ್ ಪುಕ್ಕಟೆ ಸಿಗುತ್ತದೆ, ಹದಿಮೂರು ಹದಿನಾಲ್ಕು ಪುಟ ಅಷ್ಟೇ. ಅಪ್ಪನ ದುಡ್ಡು ಉಳಿಸಿ. ಮೊದಲು ಕೋಡಿಂಗೋ, ಟೆಸ್ಟಿಂಗೋ, ಸಪೋರ್ಟೋ ಮಾಡಿ. ಅದರಲ್ಲೂ ಸಪೋರ್ಟ್ ಅಂದರೆ ಮೂಗು ಮುರಿಯಬೇಡಿ. ಗ್ರಾಹಕರು ಬೈಯುವುದು ಕೇಳುವುದು ಅಲ್ಲೇ.

ಪ್ರಶ್ನೆ: ನಮ್ಮದು ಡೀಲರ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ. ಸೇಲ್ಸ್‌ನವರು ನನ್ನನ್ನು ಕೇಳದೆ ‘ಗಣೇಶನ ಹಬ್ಬದೊಳಗೆ ಕೊಡ್ತೀವಿ’ ಅಂತ ಒಬ್ಬ ದೊಡ್ಡ ಗಿರಾಕಿಗೆ ಮಾತು ಕೊಟ್ಟಿದ್ದಾರೆ. ಟೀಮ್ ಆಗಲ್ಲ ಅನ್ನುತ್ತಿದೆ.
ಹುಬ್ಬಳ್ಳಿಯ ಓದುಗರು

ಉತ್ತರ: ಎಲ್ಲ ಗಡುವೂ ಒಂದೇ ಅಲ್ಲ. 5 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟು ಇರುವವರಿಗೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ ಆಯಿತಲ್ಲ, ಅಂಥ ದಿನಾಂಕವನ್ನು ನೀವೂ ಸರಿಸಲಾಗದು, ಸೇಲ್ಸ್‌ನವರೂ ಸರಿಸಲಾಗದು. ಹಬ್ಬದ ಗಡುವನ್ನು ಇಟ್ಟವರು ನಿಮ್ಮ ಸೇಲ್ಸ್‌ನವರು. ಅಂದರೆ ಮಾತಾಡಲು ಜಾಗ ಇದೆ.

ಅವರ ಜೊತೆ ನೀವೂ ಗಿರಾಕಿ ಹತ್ತಿರ ಹೋಗಿ. ಏನು ಬೇಕು ಅಂತ ಕೇಳಬೇಡಿ, ಹಬ್ಬದ ವ್ಯಾಪಾರದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಕೇಳಿ. ‘ಪೂರ್ತಿ ಸ್ಟಾಕ್ ಮಾಡ್ಯೂಲ್ ಬೇಕು’ ಅಂದವರಿಗೆ ಎಷ್ಟೋ ಸಲ ಬೇಕಿರುವುದು ಸಂಜೆ ಯಾವ ಮಾಲು ಎಷ್ಟು ಉಳಿಯಿತು ಅನ್ನುವ ಒಂದು ರಿಪೋರ್ಟ್. ಅಷ್ಟನ್ನು ಹಬ್ಬದೊಳಗೆ ಕೊಡಬಹುದೇನೋ ಟೀಮನ್ನು ಕೇಳಿ. ವಾಪಸ್ ಬಂದ ಮೇಲೆ ಬ್ಯಾಕ್‌ಲಾಗ್ ತೆರೆದು, ಇದು ಒಳಗೆ ಬಂದರೆ ಯಾವುದು ಹೊರಗೆ ಹೋಗಬೇಕು ಅಂತ ಸೇಲ್ಸ್‌ನವರ ಬಾಯಲ್ಲೇ, ಮಾಲೀಕರ ಎದುರೇ ಹೇಳಿಸಿ. ‘ಎರಡೂ ಆಗ್ಲಿ’ ಅಂದರೆ ಮಾಲೀಕರ ಕಡೆ ನೋಡಿ ಸುಮ್ನೆ ಕೂತಿರಿ. ಶನಿವಾರ ಭಾನುವಾರ ಟೀಮನ್ನು ಕರೆಸುತ್ತೇನೆ ಅಂತ ಮಾತ್ರ ನೀವಾಗಿ ಬಾಯಿಬಿಡಬೇಡಿ. ಒಮ್ಮೆ ಅಂದರೆ ಮುಂದಿನ ಹಬ್ಬಕ್ಕೂ ಅದೇ ಗತಿ.

ಪ್ರಶ್ನೆ: ನಾನು ಡೆವಲಪರ್. ನಮ್ಮ ಪ್ರಾಡಕ್ಟ್ ಓನರ್ ಒಂದು ಸ್ಟೋರಿ ಪಾಯಿಂಟ್‌ಗೆ (ಕೆಲಸ ಎಷ್ಟು ದೊಡ್ಡದು ಅಂತ ಟೀಮು ಅಂದಾಜಿನಲ್ಲಿ ಕೊಡುವ ಅಂಕ) ಎಂಟು ಗಂಟೆ ಅಂತ ಲೆಕ್ಕ ಹಾಕಿ, ಪಕ್ಕದ ಟೀಮಿಗೆ ನಮ್ಮನ್ನು ಹೋಲಿಸುತ್ತಾರೆ. ಸರಿಯಾ?
ಮೈಸೂರಿನಿಂದ ಒಬ್ಬರು

ಉತ್ತರ: ಖಂಡಿತ ಅಲ್ಲ. ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಅನ್ನುವ ಮಾತೇ ಇಲ್ಲ. ಅದನ್ನು ಹುಟ್ಟುಹಾಕಿದವರು ಬಹುಶಃ ತಾನೇ ಅನ್ನುವ ರಾನ್ ಜೆಫ್ರೀಸ್ ಕೂಡ ಅದಕ್ಕಾಗಿ ವಿಷಾದಿಸಿದ್ದಾರೆ. ಕೆಲಸ ಎಷ್ಟು ದೊಡ್ಡದು ಅಂತ ಅಳೆಯುವುದು ಅದನ್ನು ಮಾಡುವವರ ಹೊಣೆ ಅಂತ ಗೈಡ್ ಹೇಳುತ್ತದೆ. ನಿಮ್ಮ ಟೀಮಿನ 5, ಪಕ್ಕದವರ 5 ಒಂದೇ ಆಗಬೇಕಿಲ್ಲ. ಇದೇ ಒತ್ತಡ ಮುಂದುವರಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು: ನೀವು 3 ಅನ್ನುತ್ತಿದ್ದದ್ದನ್ನು 8 ಅನ್ನಲು ಶುರು ಮಾಡುತ್ತೀರಿ, ಅವರ ಚಾರ್ಟ್ ಚೆನ್ನಾಗಿ ಕಾಣುತ್ತದೆ. ಮುಂದಿನ ರೆಟ್ರೊದಲ್ಲಿ, ಅಂದರೆ ಸ್ಪ್ರಿಂಟ್ ಮುಗಿದಾಗ ಏನು ಸರಿಹೋಯಿತು ಏನು ಇಲ್ಲ ಅಂತ ಟೀಮು ಕೂತು ಮಾತಾಡುವಾಗ, ಇದನ್ನೇ ಎತ್ತಿ. ಎತ್ತುವ ಮೊದಲು ಪ್ರಾಡಕ್ಟ್ ಓನರ್ ಒಬ್ಬರನ್ನೇ ಚಹಾಕ್ಕೆ ಕರೆದು, ಆ ಚಾರ್ಟ್ ಕೇಳುತ್ತಿರುವುದು ಯಾರು ಅಂತ ವಿಚಾರಿಸಿ. ಅವರ ಮೇಲೂ ಯಾರೋ ಕೂತಿರಬಹುದು, ಅಲ್ವಾ?